ಗಾಲ್ಫ್ ಹುಲ್ಲಿಗೆ ನಾನು ಆರಿಸಿದ ಪಂಪು

ಗಾಲ್ಫ್ ಆಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಆದರೂ ಒಂಬತ್ತು ವರ್ಷ ಅವರ ಹುಲ್ಲು ಕಾಯ್ದೆ. ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ಕಾಲನಿಯಲ್ಲಿ ನಾನು ತೋಟದ ಸೂಪರ್‌ವೈಸರ್ ಆಗಿದ್ದೆ. ಸುತ್ತ ತೊಗರಿ ಹೊಲ, ಎಲೆ ಎಲೆಯ ಮೇಲೂ ಬೂದು ಧೂಳು, ನಡುವೆ ಅಧಿಕಾರಿಗಳ ಆಟಕ್ಕೆಂದು ಒಂದು ಮೈದಾನ. ಮೈದಾನದ ಮುಕ್ಕಾಲು ಪಾಲು ಕಲ್ಲು, ಜಾಲಿ. ಚೆಂಡು ಕುಳಿಗೆ ಬೀಳುವ ಕೆಲವು ಜಾಗಗಳು ಮಾತ್ರ ನಿಜವಾದ ಹಸಿರು. ಅವನ್ನು ಗ್ರೀನ್ ಅನ್ನುತ್ತಿದ್ದರು. ಅಲ್ಲಿಯ ಹುಲ್ಲನ್ನು ಉಗುರಿನಷ್ಟು ಎತ್ತರಕ್ಕೆ ಕತ್ತರಿಸಿ, ಬಾಣಂತಿಯನ್ನು ಸಾಕಿದ ಹಾಗೆ ಸಾಕಬೇಕು. ಔಷಧ ಕಡಿಮೆ ಬಿದ್ದಲ್ಲಿ ರೋಗ ಉಳಿಯುತ್ತದೆ, ಹೆಚ್ಚು ಬಿದ್ದಲ್ಲಿ ಹುಲ್ಲು ಸುಡುತ್ತದೆ.

ಔಷಧ ಸಿಂಪಡಿಸುವುದಕ್ಕೆ ನಮ್ಮ ಕಡೆ ಎಣ್ಣೆ ಹೊಡೆಯುವುದು ಅನ್ನುತ್ತಾರೆ. ಆ ಕೆಲಸ ಮುತ್ಯಾನದು. ಮುತ್ಯಾ ಅಂದರೆ ಅಜ್ಜ. ನನಗೆ ಅವನು ಅಜ್ಜನೂ ಅಲ್ಲ, ನೆಂಟನೂ ಅಲ್ಲ, ಎಲ್ಲರೂ ಕರೆಯುತ್ತಿದ್ದರೆಂದು ನಾನೂ ಕರೆಯುತ್ತಿದ್ದೆ. ಹರೆಯದಲ್ಲಿ ಶಹಾಬಾದಿನ ಕಲ್ಲಿನ ಗಣಿಯಲ್ಲಿ ಪರ್ಸಿ ಅನ್ನುವ ಹಾಸುಗಲ್ಲೊಂದು ಎಡಗಾಲ ಮೇಲೆ ಬಿದ್ದು ಕುಂಟನಾಗಿದ್ದ. ಆಮೇಲೆ ಊರವರ ತೊಗರಿಗೆ ಎಣ್ಣೆ ಹೊಡೆದುಕೊಂಡೇ ಬದುಕಿದವನು. ಕುಂಟಿದರೂ ಹೆಜ್ಜೆ ಎಣಿಸಿಕೊಂಡು ಒಂದೇ ಸಮ ನಡೆಯುತ್ತಿದ್ದ. ಅವನು ಹೊಡೆದ ಗ್ರೀನ್ ಒಮ್ಮೆಯೂ ಕೆಟ್ಟಿರಲಿಲ್ಲ. ಇದನ್ನು ಇಷ್ಟು ಸಲೀಸಾಗಿ ಬರೆಯುತ್ತಿರುವ ನಾನು ಅಂದು ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ.

ಹಳೆಯ ಪಂಪು ಕೆಟ್ಟಿತು. ಹೊಸದನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಮುಂದೆ ಇದ್ದದ್ದು ಎರಡು. ಒಂದು, ಚಿತ್ತಾಪುರದ ಮೆಕ್ಯಾನಿಕ್ ಒಬ್ಬ ಜೋಡಿಸಿದ ತಳ್ಳುಗಾಡಿ. ನೋಡಲು ಗಲೀಜು, ಆದರೆ ಔಷಧ ಚಿಮ್ಮುವ ನಾಜಲ್ ಹಿತ್ತಾಳೆಯದು, ಯಾವ ಬೀಜದಂಗಡಿಯಲ್ಲೂ ಸಿಗುವ ಬಿಡಿಭಾಗ. ಇನ್ನೊಂದು, ಕೆಂಪು ಬಣ್ಣದ ಬ್ಯಾಟರಿ ಗಾಡಿ, ಅದನ್ನೂ ತಳ್ಳಿಕೊಂಡೇ ನಡೆಯಬೇಕು; ಎರಡೂ ಬದಿಗೆ ರೆಕ್ಕೆ ಚಾಚುತ್ತಿತ್ತು, ರೆಕ್ಕೆಯಲ್ಲಿ ಎಂಟು ನಾಜಲ್. ಅದನ್ನು ಮಾರಲು ಬಂದವನು ಟೈ ಕಟ್ಟಿದ್ದ. ನಾನು ಟೈಗೆ ಸೋತೆ.

ಕ್ಲಬ್ಬಿನ ಕಾರ್ಯದರ್ಶಿಯೂ ಅಲ್ಲೇ ಇದ್ದರು. ಮುತ್ಯಾ ಕೆಂಪು ಗಾಡಿಯನ್ನು ಸುತ್ತು ಹಾಕಿ ನೋಡಿದ.

"ಸಾಹೇಬ್ರ, ಮಷೀನ ಭಾಳ ಚಂದ ಅದ. ಖರೇ ತಗೊಳ್ಳೂಕಿಂತ ಮೊದಲ ಪರ್ಸಿ ಮ್ಯಾಲ ಬರೇ ನೀರು ಹೊಡದು ನೋಡ್ರಿ. ಬಿಸಲಾಗ ನೀರು ಒಮ್ಮೆಗೇ ಆರಿದ್ರ ಪಂಪು ಚಲೋ ಅದ ಅಂತ ತಿಳೀರಿ. ಪಟ್ಟಿ ಪಟ್ಟಿ ಆರಿದ್ರ ಬ್ಯಾಡ್ರಿ."

ನಮ್ಮ ಕಡೆಯ ಎಣ್ಣೆ ಹೊಡೆಯುವವರ ಪರೀಕ್ಷೆ ಅದು. ಶಹಾಬಾದ್ ಪರ್ಸಿ ಸುಳ್ಳು ಹೇಳುವುದಿಲ್ಲ. ನೀರು ಹೆಚ್ಚು ಬಿದ್ದ ಕಡೆ ಕಪ್ಪಗೆ ಉಳಿದು ತೋರಿಸುತ್ತದೆ. ಮಾರಲು ಬಂದವನ ಮುಖ ಸಣ್ಣಗಾಯಿತು. ಅದನ್ನು ನೋಡಿ ನಾನು ಎಚ್ಚರಗೊಳ್ಳಬೇಕಿತ್ತು. ಬದಲಿಗೆ ಟೈ ಕಟ್ಟಿದವನೆದುರು ನನ್ನ ಮಾನ ಹೋಯಿತೆಂದು ಸಿಟ್ಟು ಬಂತು.

"ಮುತ್ಯಾ, ಮಷೀನಿನ ಚಿಂತಿ ನೀ ಮಾಡಬ್ಯಾಡ. ಮೊದಲ ನಿನ್ನ ಕಾಲು ನೆಟ್ಟಗ ಇಡು. ಕುಣಿಲಾರದಾಕಿ ನೆಲಾ ಡೊಂಕು ಅಂದಳಂತ!"

ಎಲ್ಲರೂ ನಕ್ಕರು. ಮುತ್ಯಾನೂ ನಕ್ಕ. ತನ್ನ ಮೇಲಿನ ನಗೆಗೆ ತಾನೇ ದನಿ ಸೇರಿಸುವವರನ್ನು ಕಂಡರೆ ನನಗೆ ಕನಿಕರ ಬರುವುದಿಲ್ಲ, ಇನ್ನೊಂದು ಏಟು ಹಾಕೋಣ ಅನ್ನಿಸುತ್ತದೆ. ನಾನು ಅಂಥವನು.

ಆದರೂ ಮನಸ್ಸು ಕೊರೆಯಿತು. ಕೂಲಿಯವರು ಊಟಕ್ಕೆ ಹೋದ ಹೊತ್ತಿನಲ್ಲಿ ಒಬ್ಬನೇ ಆ ಗಾಡಿಗೆ ನೀರು ತುಂಬಿ ಕ್ಲಬ್ಬಿನ ಹಿಂದಿನ ಪರ್ಸಿಯ ಅಂಗಳದಲ್ಲಿ ಹೊಡೆದೆ. ನಿಂತು ನೋಡಿದೆ. ಎಲ್ಲ ಕಡೆ ಆರಿತು, ಎರಡು ಉದ್ದ ಪಟ್ಟೆ ಮಾತ್ರ ಕಪ್ಪಗೆ ಉಳಿದವು. ಮೂರನೆಯ ಮತ್ತು ಆರನೆಯ ನಾಜಲ್ ಹೆಚ್ಚು ಕಕ್ಕುತ್ತಿದ್ದವು. ಆ ಗಾಡಿಯ ನಾಜಲ್ ಸೇಡಂನಿಂದ ವಾಡಿಯವರೆಗೆ ಎಲ್ಲೂ ಸಿಗುವುದಿಲ್ಲವೆಂದೂ ಗೊತ್ತಿತ್ತು. ಆದರೆ ನಾಲ್ಕು ಜನರೆದುರು ಮುತ್ಯಾನ ಮಾತಿಗೆ ನಕ್ಕಾಗಿತ್ತು. ಸಂಜೆ ಅದೇ ಗಾಡಿಗೆ ಸಹಿ ಹಾಕಿದೆ.

ಅಧಿಕಾರಿಗಳ ಗಾಲ್ಫ್ ಪಂದ್ಯಕ್ಕೆ ವಾರವಿರುವಾಗ ಮುತ್ಯಾ ಆ ಗಾಡಿಯಲ್ಲಿ ಔಷಧ ಹೊಡೆದ. ನಾಲ್ಕನೆಯ ದಿನ ಗ್ರೀನ್ ಮೇಲೆ ಹಳದಿ ಪಟ್ಟೆಗಳು ಎದ್ದವು. ಗಾಡಿ ಹೋದ ದಾರಿಯುದ್ದಕ್ಕೂ, ನೇರಕ್ಕೆ. ಇಲ್ಲಿ ಒಂದು ಮಾತು ತಿಳಿದಿರಬೇಕು. ನಡೆಯುವವನ ಹೆಜ್ಜೆ ತಪ್ಪಿದರೆ ಪಟ್ಟೆ ಅಡ್ಡಕ್ಕೆ ಬೀಳುತ್ತದೆ. ಉದ್ದಕ್ಕೆ ಬಿದ್ದರೆ ಅದು ನಾಜಲಿನ ತಪ್ಪು. ಇದು ನನಗೆ ಗೊತ್ತು, ಮುತ್ಯಾನಿಗೆ ಗೊತ್ತು. ಪಟ್ಟೆ ನೋಡಲು ಬಂದ ಕಾರ್ಖಾನೆಯ ದೊಡ್ಡ ಸಾಹೇಬರಿಗೆ ಗೊತ್ತಿರಲಿಲ್ಲ.

"ಏನಿದು?" ಎಂದು ಕೇಳಿದರು.

"ಮುದುಕನ ಕಾಲು, ಸರ್," ಅಂದೆ.

ನಾಜಲಿನ ತೂತು ಯಾರ ಕಣ್ಣಿಗೂ ಕಾಣದು. ಕುಂಟು ದೂರದಿಂದಲೇ ಕಾಣುತ್ತದೆ. ಸಾಹೇಬರು ನಂಬಿದರೂ ನನಗೆ ಸಾಲಲಿಲ್ಲ. ಮುತ್ಯಾನನ್ನು ಕರೆಸಿ, ಖಾಲಿ ಗಾಡಿ ಕೊಟ್ಟು, ಅವರೆದುರು ಗ್ರೀನ್ ಮೇಲೆ ಒಂದು ಸುತ್ತು ನಡೆಸಿದೆ. ಅವನು ಕುಂಟದೆ ನಡೆಯಲು ನೋಡಿದ. ಅಷ್ಟು ವರ್ಷದಲ್ಲಿ ಅವನು ಹಾಗೆ ಹೆಣಗಿದ್ದನ್ನು ನಾನು ಕಂಡಿರಲೇ ಇಲ್ಲ. ತನ್ನ ಎಣಿಕೆ ಬಿಟ್ಟು ನಮ್ಮ ಹಾಗೆ ನಡೆಯಹೋಗಿ ಮುಗ್ಗರಿಸಿದ. ಸಾಹೇಬರು ಸಾಕು ಎಂದು ಕೈ ಎತ್ತಿದರು. ಅಲ್ಲಿಗೆ ಮುತ್ಯಾನ ಕೆಲಸ ಹೋಯಿತು.

ಮುಂದಿನ ವಾರ ಅವನು ನನ್ನ ಕೋಣೆಗೆ ಬಂದ. ಕುಳಿತುಕೋ ಅನ್ನಲಿಲ್ಲ, ಅವನೂ ಕುಳಿತುಕೊಳ್ಳಲಿಲ್ಲ.

"ಸಾಹೇಬ್ರ, ವಾಡ್ಯಾಗ ಒಂದು ತೋಟದಾಗ ಎಣ್ಣಿ ಹೊಡಿಯೋರು ಬೇಕಾಗ್ಯಾರಂತ. ಮೊದಲ ಇದ್ದಲ್ಲಿಂದ ಚೀಟಿ ತಾ ಅಂತಾರ. ತಪ್ಪು ಪಂಪಿಂದು, ಕಾಲಿಂದಲ್ಲ ಅಂತ ಬರದು ಕೊಡ್ರಿ. ಅಷ್ಟ ಸಾಕು."

ನಾನು ಪೆನ್ನು ಹುಡುಕುವ ನೆಪ ಮಾಡಿದೆ. ಅವನು ದನಿ ತಗ್ಗಿಸಿದ.

"ಅವತ್ತು ಹಿಂದಿನ ಅಂಗಳದಾಗ ನೀವು ನೀರು ಹೊಡದು ನೋಡಿದ್ದು ನನಗ ಗೊತ್ತದರಿ. ಊಟಾ ಮುಗಿಸಿ ಬರಾಕತ್ತಿದ್ದೆ, ಎರಡು ಪಟ್ಟಿ ಇನ್ನಾ ಹಸೀ ಇದ್ದವು. ಯಾರ ಮುಂದೂ ಅಂದಿಲ್ರಿ. ನಿಮ್ಮ ನೌಕ್ರಿ ಪ್ರಶ್ನ ಅದ ಅಂತ ಬಾಯಿ ಮುಚಗೊಂಡು ಕುಂತೆ."

ಬೈದಿದ್ದರೆ ಬರೆದುಕೊಡುತ್ತಿದ್ದೆನೇನೋ. ಒಬ್ಬ ಕುಂಟ ನನ್ನ ನೌಕರಿ ಉಳಿಸಿದ್ದಾನೆ ಅನ್ನುವುದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಕಾಗದ ಎಳೆದುಕೊಂಡು ಬರೆದೆ: ಈತನ ಎಡಗಾಲು ದೋಷವುಳ್ಳದ್ದು. ನಡಿಗೆ ಸಮವಿಲ್ಲದ ಕಾರಣ ಇಲ್ಲಿಯ ಹುಲ್ಲು ಸುಟ್ಟಿದೆ. ಪಂಪಿನ ಕೆಲಸಕ್ಕೆ ಯೋಗ್ಯನಲ್ಲ.

"ಒಮ್ಮೆ ಓದಿ ಹೇಳ್ರಿ," ಅಂದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ.

ನಾನು ಕಾಗದ ಹಿಡಿದು ನಿಧಾನವಾಗಿ ಓದಿದೆ. "ಇವರು ಎಣ್ಣೆ ಹೊಡೆಯುವುದರಲ್ಲಿ ನುರಿತವರು. ಹುಲ್ಲು ಸುಟ್ಟದ್ದು ಪಂಪಿನ ದೋಷದಿಂದ. ಇವರ ಕಾಲಿನದು ಏನೂ ತಪ್ಪಿಲ್ಲ." ಅವನು ಎರಡೂ ಕೈಯಲ್ಲಿ ಕಾಗದ ಇಸಕೊಂಡು ಕಣ್ಣಿಗೆ ಒತ್ತಿಕೊಂಡ. ಅಂಗಿಯ ಒಳಗಿಸೆಯಲ್ಲಿಟ್ಟು ಬಸ್ಸಿಗೆ ಹೋದ.

ಮಧ್ಯಾಹ್ನ ವಾಡಿಯಿಂದ ಫೋನ್ ಬಂತು. ಆ ತೋಟದ ಉಸ್ತುವಾರಿ ನನಗೆ ಪರಿಚಯದವರೇ.

"ಸಾಹೇಬ್ರ, ನಿಮ್ಮ ಮುತ್ಯಾ ನನ್ನ ಮುಂದ ನಿಂತಾನ. ಪಂಪಿಂದ ತಪ್ಪು ಅಂತ ನೀವು ಬರದೀರಿ ಅಂತ ಹತ್ತು ಸಲ ಅಂದ. ಚೀಟ್ಯಾಗ ಬ್ಯಾರೇನ ಅದ. ಅವಸರದಾಗ ತಪ್ಪಿ ಬರದೀರೇನ್ರಿ? ನೀವು ಹೂಂ ಅಂದ್ರ ಚೀಟಿ ಹರದು ಹಾಕಿ ಇವತ್ತೇ ಕೆಲಸಕ್ಕ ಇಟಗೋತೀನಿ. ಇಲ್ಲಾಂದ್ರ ಇದ್ದದ್ದು ಓದಿ ಹೇಳಿ ಕಳಸ್ತೀನಿ."

ಹೂಂ ಅನ್ನುವುದು ಎಷ್ಟೊತ್ತಿನ ಮಾತು.

"ಓದಿ ಹೇಳ್ರಿ," ಅಂದೆ.

ಅವರು ಫೋನ್ ಇಡದೆಯೇ ಓದತೊಡಗಿದರು. ನಾನೂ ಇಡಲಿಲ್ಲ, ಕೊನೆಯವರೆಗೂ ಕೇಳಿದೆ. ನಡುವೆ ಮುತ್ಯಾನ ದನಿ ಬಂತು. "ಹಂಗಿಲ್ರಿ, ಸರೀ ನೋಡಿ ಓದ್ರಿ. ಸಾಹೇಬ್ರು ತಾವೇ ನನ್ನ ಮುಂದ ಓದ್ಯಾರ."