ರಾಜನನ್ನು ಮಲಗಿಸುವುದು

ನಮ್ಮ ಮನೆಯಲ್ಲಿ ಚೆಸ್ ಆಟವನ್ನು ಯಾರೂ ಅರ್ಧಕ್ಕೆ ಬಿಡುವಂತಿರಲಿಲ್ಲ. ಶಿರಾದಲ್ಲಿ ಅಪ್ಪನದು ಕಡಲೆಕಾಯಿ ಮಂಡಿ. ಸಂಜೆ ಬಾಗಿಲು ಹಾಕಿ ಬಂದವರು ಮೈಮೇಲಿನ ಧೂಳನ್ನೂ ಕೊಡವಿಕೊಳ್ಳದೆ ಜಗಲಿಯಲ್ಲಿ ಚೆಸ್ ಮಣೆ ಇಡುತ್ತಿದ್ದರು. ಸೋಲು ಖಚಿತವಾದರೆ ಆಟಗಾರರು ತಮ್ಮ ರಾಜನನ್ನು ತಾವೇ ಮಲಗಿಸಿ ಎದ್ದುಬಿಡುವುದು ಎಲ್ಲ ಕಡೆಯ ರೂಢಿ. ನಾನೊಮ್ಮೆ ಹಾಗೆ ಮಾಡಿದಾಗ ಅಪ್ಪ ರಾಜನನ್ನು ಎತ್ತಿ ನಿಲ್ಲಿಸಿದರು.

“ನೀನಾಗೇ ಮಲಗಿಸ್ಬ್ಯಾಡ ಕಣಮ್ಮ. ಹಿಡಿಯೋದಾದ್ರೆ ಅವ್ರೇ ಹಿಡೀಲಿ.”

ಮುದ್ದೆ ಆರಿಹೋಗುತ್ತದೆಂದು ಅಮ್ಮ ಒಳಗಿನಿಂದ ಎಷ್ಟೇ ಕೂಗಿಕೊಂಡರೂ ಕೊನೆಯ ನಡೆಯವರೆಗೆ ಏಳುವ ಹಾಗಿರಲಿಲ್ಲ.

ಆ ಹಟವೇ ನನ್ನನ್ನು ದೇಶದ ಮಹಿಳಾ ತಂಡದವರೆಗೆ ಕರೆದೊಯ್ದಿತು, ಸುಳ್ಳಲ್ಲ. ಆದರೆ ಒಂದು ಅಂತಾರಾಷ್ಟ್ರೀಯ ಟೂರ್ನಿಯ ಕೊನೆಯ ಪಂದ್ಯದ ಹೊತ್ತಿಗೆ ನಾನು ದಣಿದು ಹೋಗಿದ್ದೆ. ಕಣ್ಣು ಬಿಟ್ಟರೂ ಚೌಕ, ಮುಚ್ಚಿದರೂ ಚೌಕ. ತಂಡದ ಉಳಿದ ಮೂವರ ಆಟ ಮುಗಿದಿತ್ತು. ನಾನು ಡ್ರಾ ಮಾಡಿಕೊಂಡರೆ ಪದಕ, ಸೋತರೆ ಬರಿಗೈ. ನನ್ನ ಬಳಿ ಉಳಿದದ್ದು ರಾಜ ಮತ್ತು ಒಂದು ಆನೆ. ಎದುರಾಳಿಗೆ ಆನೆಯ ಜೊತೆ ಒಂಟೆಯೂ ಇತ್ತು. ಗಂಟೆಗಟ್ಟಲೆ ಓಡಿಸಿದಳು, ಓಡಿದೆ.

ಕೊನೆಗೆ ಆನೆಯೂ ಹೋಯಿತು. ಅಲ್ಲಿಗೆ ಯಾರೇ ಆದರೂ ಸೋಲೊಪ್ಪಿ ಕೈಕುಲುಕಿ ಏಳುತ್ತಾರೆ. ನಾನು ಏಳಲಿಲ್ಲ. ಅವಳು ಮೈಮರೆತು, ಚೆಕ್ ಕೊಡದೆಯೇ ನನ್ನ ರಾಜನ ದಾರಿಗಳನ್ನೆಲ್ಲ ಮುಚ್ಚಿಬಿಟ್ಟರೆ ಆಟ ಡ್ರಾ. ಆ ಮಟ್ಟದವರು ಅಂಥ ತಪ್ಪು ಮಾಡುವುದಿಲ್ಲವೆಂದು ನನಗೂ ಗೊತ್ತಿತ್ತು. ನಮ್ಮ ಹುಡುಗಿಯರು ಮುಖ ತಿರುಗಿಸಿ ನಿಂತರು. ಎದುರಿನವಳು ಮಣೆ ಬಿಟ್ಟು ನನ್ನನ್ನೇ ನೋಡತೊಡಗಿದಳು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಆದರೂ ಒಂಟಿ ರಾಜನನ್ನು ಒಂದೊಂದೇ ಮನೆ ಸರಿಸುತ್ತಾ ಕೂತೆ. ಮೂಲೆಗೆ ತಳ್ಳಿ ಮುಗಿಸಿದಳು.

ಹೋಟೆಲಿಗೆ ಬಂದು, ಶೂ ಕೂಡ ಬಿಚ್ಚದೆ ಅಪ್ಪನಿಗೆ ಫೋನ್ ಮಾಡಿದೆ. ಅವರು ಮೊಬೈಲಿನಲ್ಲಿ ಆಟವನ್ನೆಲ್ಲ ನೋಡಿದ್ದರು.

“ಸೋತೆ ಅಪ್ಪ. ಆದ್ರೆ ಕೊನೇವರ್ಗೂ ಆಡ್ದೆ,” ಎಂದೆ. ಶಹಬ್ಬಾಸ್ ಅನ್ನುತ್ತಾರೆ ಎಂದುಕೊಂಡಿದ್ದೆ.

“ನೋಡ್ದೆ. ಆನೆ ಹೋದ್ಮೇಲೆ ನಿನ್ ಮುಖಾನೇ ತೋರಿಸ್ತಿದ್ರು. ನನ್ ಕೈಲಿ ನೋಡಕ್ಕಾಗ್ಲಿಲ್ಲ. ಮಲಗಿಸ್ಬುಟ್ಟು ಎದ್ ಬರ್ಬೇಕಿತ್ತು ಕಣಮ್ಮ.”

ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

“ಅಂಗ್ ಮಾಡ್ಬೋದು ಅಂತ ಯಾವತ್ತಾದ್ರೂ ಹೇಳಿದ್ದಾ ಅಪ್ಪ?”