ಸಾಕತ್ತೆಯ ಹೊಲಕ್ಕೆ ಮೂರು ನಕ್ಷತ್ರ

ನಮ್ಮ ಸಾಕತ್ತೆಯ ಹೆಬ್ಬೆರಳು ಮೊಬೈಲಿಗೆ ಗೊತ್ತಾಗುತ್ತಿರಲಿಲ್ಲ. ನಲವತ್ತು ವರ್ಷ ಹಿಪ್ಪುನೇರಳೆ ಸೊಪ್ಪು ಕೊಯ್ದು, ರಾಗಿ ಹೊಲದ ಕಳೆ ಕಿತ್ತು, ಕೊಟ್ಟಿಗೆ ಬಾಚಿ ಬಿರುಕುಬಿಟ್ಟಿದ್ದ ಆ ಬೆರಳನ್ನು ಗಾಜಿನ ಮೇಲೆ ಎಷ್ಟು ಒತ್ತಿದರೂ ಪರದೆಯೊಳಗಿನ ಆಟದ ಗೋಧಿ ತೆನೆ ಅಲುಗುತ್ತಿರಲಿಲ್ಲ. "ಇದಕ್ಕೆ ನನ್ ಬೆರಳು ಸೇರಾಕಿಲ್ಲ ಕಣವ್ವ," ಎಂದು ಅವಳು ಫೋನನ್ನು ನನ್ನ ಕಡೆ ತಳ್ಳಿದ್ದಳು. ಮಾರನೆಯ ದಿನ ನಾನು ಶಾಲೆಯಿಂದ ಬರುವ ಹೊತ್ತಿಗೆ, ಕಿರುಬೆರಳಿನ ತುದಿಯಿಂದ, ಮಗುವಿನ ಹಣೆಗೆ ಬೊಟ್ಟಿಡುವಷ್ಟು ಹಗುರವಾಗಿ ಮುಟ್ಟಿದರೆ ಅದು ಮಾತು ಕೇಳುತ್ತದೆಂದು ಅವಳೇ ಕಂಡುಕೊಂಡಿದ್ದಳು.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಸರಿಯಾಗಿ ಅರ್ಥವಾಗಲಿಕ್ಕಿಲ್ಲ. ನಾನು ರಾಮನಗರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ, ನಲವತ್ತಾರು ದಾಟಿದವಳು, ಮೊಬೈಲಿನಲ್ಲಿ ಗೇಮ್ ಆಡುವವಳು. ಈ ಕೊನೆಯದನ್ನು ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟು ಹೇಳಿದವಳಲ್ಲ. ನೀವು ಸ್ನೇಹಿತರೆಂಬ ಸಲಿಗೆಯಿಂದ ಹೇಳುತ್ತಿದ್ದೇನೆ. ಆಟಕ್ಕಿಂತಲೂ ನನಗೆ ರುಚಿ ಹತ್ತಿದ್ದು ಆಟದ ಕೆಳಗೆ ಆಡಿದವರು ಬರೆದು ಹೋಗುವ ಅಭಿಪ್ರಾಯಗಳದ್ದು. ಮದುವೆಮನೆಯ ಊಟ ಹೇಗಿತ್ತೆಂಬ ನಿಜವಾದ ಮಾತು ಬೀಗರ ಮುಂದೆ ಹೊರಡುವುದಿಲ್ಲ, ಕೈತೊಳೆಯುವ ನಲ್ಲಿಯ ಹತ್ತಿರ ಹೊರಡುತ್ತದೆ. ಈ ಅಭಿಪ್ರಾಯಗಳೂ ಅಂಥವೇ. ಜಾಹೀರಾತು ಜಾಸ್ತಿ, ಹೊಸ ಅಪ್‌ಡೇಟ್ ಬಂದು ಹಳೆಯ ಚಂದ ಹಾಳಾಯಿತು, ಚಿತ್ರ ಸೊಗಸು ಆದರೆ ಫೋನ್ ಬಿಸಿಯಾಗುತ್ತದೆ, ಬಸ್ಸಿನಲ್ಲಿ ಹೊತ್ತು ಹೋಗಲು ಅಡ್ಡಿಯಿಲ್ಲ. ಮುಖ ತೋರಿಸಬೇಕಿಲ್ಲದ ಜನ ಎಷ್ಟು ನಿಷ್ಠುರವಾಗಿ, ಎಷ್ಟು ನೇರವಾಗಿ ಗುಣದೋಷ ಹೇಳಬಲ್ಲರೆಂದು ಮೆಚ್ಚಿಕೊಳ್ಳುತ್ತಿದ್ದೆ. ಮುಖ ತೋರಿಸಿಕೊಂಡೇ ಬದುಕಬೇಕಾದ ನಾನು ಹಾಗೆ ಹೇಳಿದ ನೆನಪಿಲ್ಲ.

ಸಾಕತ್ತೆ ನನ್ನ ಅಪ್ಪನ ತಂಗಿ. ಮೇಲಿನ ಎರಡು ಹೆಣ್ಣುಕೂಸುಗಳು ಉಳಿಯದೆ ಹೋದ ಮೇಲೆ ಮೂರನೆಯದೂ ಹೆಣ್ಣೇ ಆದಾಗ, ಇನ್ನು ಸಾಕು ಎಂದು ತಾತ ಇಟ್ಟ ಹೆಸರು ಸಾಕಮ್ಮ. ಕನ್ನಡ ಎಂಥ ಭಾಷೆ ನೋಡಿ. ಬೇಡವೆನ್ನುವುದಕ್ಕೂ ಸಾಕು, ಸಲಹು ಎನ್ನುವುದಕ್ಕೂ ಸಾಕು. ತಾತ ಮೊದಲ ಅರ್ಥದಲ್ಲಿ ಕರೆದ ಹೆಸರನ್ನು ಅವಳು ಜನ್ಮವಿಡೀ ಎರಡನೆಯ ಅರ್ಥದಲ್ಲಿ ಬದುಕಿದಳು. ಮದುವೆಯಾದ ಎರಡನೆಯ ವರ್ಷ ಗಂಡ ತೀರಿಕೊಂಡು ಮರಳವಾಡಿ ಕಡೆಯ ನಮ್ಮ ಊರಿಗೆ ಹಿಂದಿರುಗಿದವಳು ರೇಷ್ಮೆಹುಳ ಸಾಕಿದಳು, ಹಸು ಸಾಕಿದಳು, ನನ್ನನ್ನೂ ಸಾಕಿದಳು. ತಾತ ಸಾಯುವ ಮುಂಚೆ ಕೆರೆಯ ಕೆಳಗಿನ ಹೊಲವನ್ನು ತೋರಿಸಿ, "ಇದು ಸಾಕಿದು ಕಣ್ಲಾ, ಯಾರೂ ಮುಟ್ಟಬ್ಯಾಡಿ," ಎಂದು ನನ್ನ ಅಪ್ಪನಿಗೆ ಹೇಳಿದ್ದ. ಹೇಳಿದ್ದ, ಬರೆದಿರಲಿಲ್ಲ. ಆಗ ಮಾತೇ ಪತ್ರವಾಗಿತ್ತೆಂದು ಈಗಲೂ ನಮ್ಮ ಕಡೆ ಹೆಮ್ಮೆಯಿಂದ ಹೇಳುತ್ತಾರೆ. ಹಾಗೆ ಹೇಳುವವರು ಸಾಮಾನ್ಯವಾಗಿ ಪತ್ರ ಇಟ್ಟುಕೊಂಡವರೇ ಆಗಿರುತ್ತಾರೆ.

ಹೋದ ವರ್ಷ ಅತ್ತೆಯ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. "ಊರ್ನಾಗೆ ಇದ್ರೆ ಸುಮ್ಕೆ ಕೂರಾಕಿಲ್ಲ ಅವ್ಳು. ಎರಡು ತಿಂಗ್ಳು ನಿನ್ ಮನೇಲೇ ಮಡಿಕ್ಕೊ," ಎಂದು ಅಪ್ಪ ಕಳಿಸಿಕೊಟ್ಟ. ತಂಗಿಯ ಮೇಲಿನ ಕಾಳಜಿಯೆಂದು ನಾನೂ ತಿಳಿದೆ, ಒಂದು ವಾರದ ಮಟ್ಟಿಗೆ. ಎಂಟನೆಯ ದಿನ ಅಪ್ಪ ಫೋನಿನಲ್ಲಿ ದನಿ ತಗ್ಗಿಸಿ, ಕೆರೆ ಕೆಳಗಿನ ಹೊಲಕ್ಕೆ ಬಡಾವಣೆ ಮಾಡುವವರು ಬಂದಿದ್ದಾರೆ, ಅಳತೆ ನಡೆಯುತ್ತಿದೆ, ಅತ್ತೆಗೆ ಈಗಲೇ ಹೇಳಬೇಡ, ಎಂದ. ಆಮೇಲೆ ಇನ್ನೊಂದು ಮಾತು ಸೇರಿಸಿದ: ಅಲ್ಲೊಂದು ಮೂಲೆ ಸೈಟು ನಿನ್ನ ಹೆಸರಿಗೆ ಬರುತ್ತದೆ. ಅವತ್ತು ಸಂಜೆಯೇ ನಾನು ಹಳೆಯ ಫೋನನ್ನು ಹುಡುಕಿ, ಚಾರ್ಜ್ ಮಾಡಿ, ನಾನು ಆಡುತ್ತಿದ್ದ ಬೇಸಾಯದ ಆಟವನ್ನು ಅದಕ್ಕೆ ಹಾಕಿ ಅತ್ತೆಯ ಕೈಗೆ ಕೊಟ್ಟೆ. ಹೊತ್ತು ಹೋಗಲಿ ಎಂದು ಕೊಟ್ಟೆನೋ, ಹೊಲ ಹೋಗುವುದು ಕಾಣದಿರಲಿ ಎಂದು ಕೊಟ್ಟೆನೋ, ನೀವು ಕೇಳಬೇಡಿ. ನಾನು ಬೇಕಾದಷ್ಟು ಸಲ ಕೇಳಿಕೊಂಡಿದ್ದೇನೆ.

ಆಟ ಶುರುವಾಗುವಾಗ ಹೊಲಕ್ಕೆ ಒಂದು ಹೆಸರು ಕೇಳುತ್ತದೆ. ನಾನು 'ಸಾಕಮ್ಮನ ಹೊಲ' ಎಂದು ಕೊಟ್ಟೆ. ಮರದ ಹಲಗೆಯೊಂದು ಪರದೆಯ ಮೇಲೆ ನೆಟ್ಟಗೆ ನಿಂತು, ಅದರ ಮೇಲೆ ಅಕ್ಷರಗಳು ಮೂಡಿದವು. ನಾಲ್ಕನೆಯ ಕ್ಲಾಸಿನವರೆಗೆ ಓದಿದ ಅತ್ತೆ ಕೂಡಿಸಿ ಕೂಡಿಸಿ ಓದಿದಳು. "ನನ್ ಹೆಸ್ರೇ ಹಾಕವ್ರಲ್ಲೇ!" ಎಂದು ನಕ್ಕು, ಸೆರಗಿನಿಂದ ಪರದೆ ಒರೆಸಿ ಮತ್ತೊಂದು ಸಲ ಓದಿದಳು.

ಆಮೇಲೆ ನಡೆದದ್ದು ನನ್ನ ಅಹಂಕಾರಕ್ಕೆ ಒಳ್ಳೆಯ ಮದ್ದು. ನಾನು ಏಳು ತಿಂಗಳಲ್ಲಿ ಮುಟ್ಟಿದ್ದ ಹಂತವನ್ನು ಅವಳು ಮೂರು ವಾರದಲ್ಲಿ ದಾಟಿದಳು. ಯಾವುದನ್ನು ಮೊದಲು ಬಿತ್ತಬೇಕು, ಯಾವ ಬೀಜವನ್ನು ಎತ್ತಿಡಬೇಕು, ಯಾವಾಗ ಮಾರದೆ ಕಾಯಬೇಕು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗೆಂದು ಮರುಳಾದವಳೂ ಅಲ್ಲ. ಮಂಡಿ ಚಾಚಿ ಕುಳಿತು ಕಿರುಬೆರಳಲ್ಲಿ ಕಟಾವು ಮಾಡುತ್ತ, ಪಕ್ಕದ ಮನೆಯವರ ಬೇಸಾಯ ಆಡಿಕೊಳ್ಳುವ ಹಾಗೆ ಆಟದ ತಪ್ಪು ಹಿಡಿಯುತ್ತಲೇ ಇದ್ದಳು.

"ಹಸ ಹಾಲು ಕೊಡ್ತಾ ಐತೆ, ಕರ ಎಲ್ಲೈತವ್ವ?"

"ಇದರಲ್ಲಿ ಕರು ಇಲ್ಲ ಅತ್ತೆ. ಹುಲ್ಲು ಹಾಕಿದರೆ ಹಾಲು."

"ಕರ ಇಲ್ದೆ ಹಾಲಾ? ಇದನ್ ಮಾಡ್ದೋನು ಕೊಟ್ಟಿಗೆ ಕಂಡಿಲ್ಲ ಬುಡು."

ರಾಗಿ ಇಲ್ಲವೆಂದು ಬೈದಳು, ಅವರೆ ಇಲ್ಲವೆಂದು ಬೈದಳು. ಕಳೆ ಹುಟ್ಟದ ಹೊಲ ನೋಡಿ ಅನುಮಾನಪಟ್ಟಳು. ಕನಕಪುರದ ಕಾಡಂಚಿನ ಬೆಳೆ ಕಂಡವಳಾದ್ದರಿಂದ, "ಆನೆನಾರೂ ಬಂದದಾ?" ಎಂದು ಕೇಳಿ, ಬರುವುದಿಲ್ಲವೆಂದಾಗ ನೆಮ್ಮದಿಗಿಂತ ಹೆಚ್ಚಾಗಿ ನಿರಾಸೆಪಟ್ಟ ಹಾಗೆ ಕಂಡಳು. ಮಾಗಿದ ಬೆಳೆ ಎರಡು ದಿನ ಮುಟ್ಟದಿದ್ದರೂ ಕೊಳೆಯದೆ, ಉದುರದೆ, ಹಾಗೇ ನಿಂತಿರುವುದನ್ನು ಕಂಡು ಮಾತ್ರ ಬೈಯದೆ ಫೋನನ್ನು ಮಡಿಲಲ್ಲಿಟ್ಟುಕೊಂಡಳು. "ಬೆಳೆ ನಮಗೋಸ್ಕರ ಕಾಯ್ತಾ ನಿಂತದೆ ಅಂದ್ರೆ ಆಟ ಅಂದಂಗೇ ಆಯ್ತು," ಎಂದಳು. ನಾನು ಬೇರೆ ಆಟಗಾರರ ಅಭಿಪ್ರಾಯಗಳನ್ನು ಓದಿ ಹೇಳಿದರೆ ಅವಳಿಗೆ ನಗು. ಜಾಹೀರಾತು ಬಂತೆಂದು ಅಳುವ ಇವರಿಗೆ ಹಸುವಿನ ಪಕ್ಕದಲ್ಲಿ ಕರು ಇಲ್ಲದ್ದು ಕಾಣಲಿಲ್ಲವೇ ಎಂಬುದು ಅವಳ ಪ್ರಶ್ನೆ.

ಒಂದು ಭಾನುವಾರ ಅವಳು ಹೊಲವನ್ನೆಲ್ಲ ಕದಲಿಸಿ ಮರಳಿ ಜೋಡಿಸುತ್ತಿದ್ದಳು. ಬಾವಿಯನ್ನು ಎಳೆದು ಎಡಮೂಲೆಗೆ ತಂದಳು. ಪಡುವಲ ಅಂಚಿಗೆ ಸಾಲಾಗಿ ಐದು ಮರ ನೆಟ್ಟಳು. ನಡುವೆ ಓರೆಯಾಗಿ ಒಂದು ಕಾಲುದಾರಿ ಬಿಟ್ಟಳು. ಓರೆ ದಾರಿಯಿಂದ ಜಾಗ ದಂಡವಾಗುತ್ತದೆ, ಆಟದಲ್ಲಿ ಇದು ತಪ್ಪು ನಡೆ, ಎಂದು ನಾನು ಹೇಳಿದೆ. "ಇಲ್ಲೇ ಓಡಾಡಿ ಅಭ್ಯಾಸ," ಎಂದಳು. ಆಗ ಹೊಳೆಯಿತು. ಐದು ಹೊಂಗೆ ಮರ, ಎಡಮೂಲೆಯ ಬಾವಿ, ಸೊಪ್ಪಿನ ಹೊರೆ ಹೊತ್ತು ನಡೆದು ಅವಳ ಕಾಲೇ ಕೊರೆದ ದಾರಿ. ಕೆರೆ ಕೆಳಗಿನ ಹೊಲ ನನ್ನ ಹಳೆಯ ಫೋನಿನೊಳಗೆ ತಪ್ಪಿಲ್ಲದೆ ಬಂದು ಕೂತಿತ್ತು, ಊರಲ್ಲಿ ಅದಕ್ಕೆ ಅಳತೆಯ ಕಲ್ಲು ನೆಡುತ್ತಿದ್ದ ವಾರದಲ್ಲೇ.

ಹೇಳಬೇಕಾಗಿದ್ದ ದಿನ ಅದು. ನಾನು ಒಲೆಯ ಮೇಲಿನ ಹಾಲು ಉಕ್ಕೀತೆಂದು ಎದ್ದು ಹೋದೆ.

ಮುಂದಿನ ತಿಂಗಳು ಅಪ್ಪನೇ ಬಂದ. ಹೊಲ ಮಾರಬೇಕಾದರೆ ಹಕ್ಕು ಬಿಡುಗಡೆ ಪತ್ರಕ್ಕೆ ಅತ್ತೆಯ ಒಪ್ಪಿಗೆ ಬೇಕಿತ್ತು. ತಾತನ ಮಕ್ಕಳಲ್ಲಿ ಉಳಿದಿದ್ದವರು ಅವರಿಬ್ಬರೇ. ಕಾರು ಓಡಿಸಿದ್ದು ನಾನು. ದಾರಿಯಲ್ಲಿ ಅಪ್ಪ ಒಂದೇ ಮಾತನ್ನು ಬೇರೆ ಬೇರೆ ರೀತಿ ಹೇಳುತ್ತಲೇ ಇದ್ದ: "ನಾವಿರೋಗಂಟ ನಿನಗೇನ್ ಕಮ್ಮಿ ಸಾಕವ್ವ? ಮಂಡಿ ಹಿಂಗಾದ ಮ್ಯಾಲೆ ನಿನಗ್ಯಾಕೆ ಹೊಲ?" ಅತ್ತೆ ಕಿಟಕಿಯಾಚೆ ನೋಡುತ್ತ, "ಮಂಡಿ ವಾಸಿ ಆಯ್ತದೆ ಅಂದವ್ರೆ ಡಾಕ್ಟ್ರು," ಎಂದಳು. ಅಪ್ಪ ಕಾಗದದ ಕವರನ್ನು ತೊಡೆಯ ಮೇಲೆ ಸರಿಮಾಡಿಕೊಂಡ.

ನೋಂದಣಿ ಕಚೇರಿಯ ಜಗಲಿಯಲ್ಲಿ ಅತ್ತೆ ಆ ಕಾಗದವನ್ನು ನನ್ನ ಕೈಗೆ ಕೊಟ್ಟಳು. "ನೀನು ಓದ್ದೋಳು. ಇದ್ರಾಗೆ ಏನ್ ಬರ್ದವ್ರೆ ಒಸಿ ಹೇಳು ಮಗ."

ನಾನು ಓದಿದೆ. ಸದರಿ ಸ್ವತ್ತಿನ ಮೇಲೆ ತನಗಾಗಲಿ ತನ್ನ ಕಡೆಯವರಿಗಾಗಲಿ ಇನ್ನು ಯಾವುದೇ ಹಕ್ಕು ಇರುವುದಿಲ್ಲವೆಂದು ಸ್ವಸಂತೋಷದಿಂದ ಬರೆದುಕೊಟ್ಟಿದ್ದಾಳೆ ಎಂದಿತ್ತು. ಸ್ವಸಂತೋಷ ಎಂಬ ಪದದ ಮೇಲೆ ನನ್ನ ಕಣ್ಣು ನಿಂತಿತು. ಅಪ್ಪ ನನ್ನನ್ನೇ ನೋಡುತ್ತಿದ್ದ.

"ಮಾಮೂಲಿ ಕಾಗದ ಅತ್ತೆ," ಎಂದೆ. "ಮನೆಯವರೆಲ್ಲ ಮಾಡಿಕೊಡೋದೇ."

ಅವಳು ನನ್ನ ಮುಖ ನೋಡಿದಳು. "ಹಂಗಾರೆ ಸರಿ," ಎಂದು ಗೋಡೆ ಹಿಡಿದು ಎದ್ದಳು.

ಒಳಗೆ ಅವಳ ಹೆಬ್ಬೆಟ್ಟನ್ನು ಯಂತ್ರ ಹಿಡಿಯಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರು, ಮತ್ತೆ ಒತ್ತಿಸಿದರು, ಎಡಗೈಯದನ್ನು ನೋಡಿದರು. ಸವೆದುಹೋದ ಗೆರೆಗಳು ಯಾವುದಕ್ಕೂ ಸಿಗಲಿಲ್ಲ. ಯಂತ್ರ ಒಪ್ಪಲಿಲ್ಲ, ಅತ್ತೆ ಒಪ್ಪಿದ್ದಳು. ಅವಳಿಗಾಗಿ ಅಷ್ಟು ಹೊತ್ತು ಹಟ ಮಾಡಿದ್ದು ಆ ಕಪ್ಪು ಪೆಟ್ಟಿಗೆಯೊಂದೇ ಎಂದು ಆಗ ನನಗೆ ನಾಚಿಕೆಯಾಯಿತು. ಕೊನೆಗೆ ಅವಳೇ, "ಈ ಬೆರಳು ನೋಡಿ ಸ್ವಾಮಿ, ಇದು ಕೆಲ್ಸ ಮಾಡ್ತದೆ," ಎಂದು ಕಿರುಬೆರಳು ಮುಂದೆ ಮಾಡಿದಳು. ಅದು ಹಿಡಿಯಿತು.

ಮನೆಗೆ ಬಂದು ಕಾಫಿ ಕುಡಿದಾದ ಮೇಲೆ ಅವಳು ಫೋನು ಕೇಳಿದಳು. ಆಟ ತೆರೆದು, ಏನನ್ನೂ ಕೊಯ್ಯದೆ ಹಲಗೆಯನ್ನೇ ನೋಡಿದಳು.

"ಇದನ್ನ ಇನ್ನೊಬ್ರ ಹೆಸ್ರಿಗೆ ಬರ್ದುಕೊಡಬೋದಾ?"

ನಾನು ಗಾಬರಿಯಾಗಿ ಹುಡುಕಿದೆ. ಹಾಗೊಂದು ಅವಕಾಶ ಎಲ್ಲೂ ಕಾಣಲಿಲ್ಲ. "ಇಲ್ಲ ಅತ್ತೆ. ಆಗುವುದಿಲ್ಲ."

"ಅದೊಂದು ಒಳ್ಳೇದು ಮಡಗವ್ರೆ. ಅವ್ರೆಲ್ಲ ಬರೀತಾರಲ್ಲ, ಹಂಗೆ ನಂದೂ ಬರಿ."

ಅವಳು ಹೇಳಿದಳು, ನಾನು ಬರೆದೆ. "ಹಸಕ್ಕೆ ಕರ ಇಲ್ಲ, ಕೊಡಿ. ರಾಗಿ ಇಲ್ಲ. ಕಳೆ ಇಲ್ಲ, ಕಳೆ ಕೀಳದೋರಿಗೆ ನೆಲ ಏನಂತ ಗೊತ್ತಾಗಾಕಿಲ್ಲ. ಒಳ್ಳೇದು ಅಂದ್ರೆ, ಬಿತ್ತಿದೋರಿಗೇ ಬೆಳೆ. ಹಲಗೆ ಮ್ಯಾಲಿನ ಹೆಸ್ರ ಯಾರೂ ಅಳಿಸಾಕಿಲ್ಲ. ಹೊಲ ಬರ್ದುಕೊಡು ಅಂತ ಯಾರೂ ಕೇಳಾಕಿಲ್ಲ." ಕೆಳಗೆ ಅವಳ ಹೆಸರನ್ನೇ ಹಾಕಿ, ಎಷ್ಟು ನಕ್ಷತ್ರವೆಂದು ಕೇಳಿದೆ. "ಐದ್ರಾಗೆ ಮೂರು ಕೊಡು. ಎಲ್ಲಾ ಕೊಟ್ಬುಟ್ರೆ ತಿದ್ಕೊಳಾಕಿಲ್ಲ."

ಮೇಡಂಗಳ ಕೈ ಯಾರು ಏನು ಹೇಳಿದರೂ ಬರೆದುಕೊಂಡು ಹೋಗುತ್ತದೆ. ಒಂದು ಆಟದ ಒಳಿತುಕೆಡುಕಿನ ಲೆಕ್ಕದೊಳಗೆ ತನ್ನ ಜೀವಮಾನದ ತಕರಾರನ್ನು ಅವಳು ಹೇಳಿ ಮುಗಿಸಿದ್ದಳು. ಅದನ್ನು ಕಳಿಸಲು ಅವಳಿಗೆ ಸಿಕ್ಕ ವಿಳಾಸ ಅದೊಂದೇ ಆಗಿತ್ತು. ನಮ್ಮ ಮನೆಯಂಗಳದಲ್ಲಿ ಅಭಿಪ್ರಾಯ ಬರೆಯುವ ಜಾಗ ಯಾವತ್ತೂ ಇರಲಿಲ್ಲ.

ಮೂರನೆಯ ದಿನ ಕಂಪನಿಯ ಉತ್ತರ ಬಂತು. ಯಂತ್ರವೇ ಬರೆಯುವ, ಎಲ್ಲರಿಗೂ ಒಂದೇ ಥರ ಬರುವ ಉತ್ತರ. ಅಂಥವನ್ನು ನಾನು ಸಾವಿರ ನೋಡಿದ್ದೇನೆ. ಅತ್ತೆ ಕೇಳಿದಳೆಂದು ಓದಿದೆ: "ಪ್ರಿಯ ಸಾಕಮ್ಮ ಅವರೇ, ನಿಮಗೆ ಉಂಟಾದ ತೊಂದರೆಗೆ ನಾವು ಹೃತ್ಪೂರ್ವಕವಾಗಿ ಕ್ಷಮೆ ಕೋರುತ್ತೇವೆ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ."

"ಇನ್ನೊಂದ್ ಸಲ ಓದು."

ಓದಿದೆ.

"ಯಾರವ್ವ ಬರ್ದಿರೋದು?"

ಯಂತ್ರ ಎನ್ನಬಹುದಿತ್ತು. ವಿಜ್ಞಾನದ ಮೇಡಂ ಹಾಗೆ ಹೇಳಬೇಕಿತ್ತು. "ಯಾರೋ ಒಬ್ಬರು, ಅತ್ತೆ," ಎಂದೆ.

"ನೋಡು, ಗುರ್ತಿಲ್ದೋರು ತಪ್ಪಾಯ್ತು ಅಂದವ್ರೆ," ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಾನು ಒಣಗಿದ ಬಟ್ಟೆ ಮಡಚಲು ಶುರುಮಾಡಿದೆ.

ಮುಂದಿನ ಸೋಮವಾರ ಅವಳು ಹೊರಟುಹೋದಳು, ಅಪ್ಪನ ಮನೆಗಲ್ಲ, ದೊಡ್ಡಆಲಹಳ್ಳಿಯಲ್ಲಿ ರೇಷ್ಮೆ ಮಾಡಿಕೊಂಡಿರುವ ಬಾಲ್ಯದ ಗೆಳತಿಯ ಮನೆಗೆ. ಈಗ ಅಲ್ಲಿ ಮುಕ್ಕಾಲಿಯ ಮೇಲೆ ಕುಳಿತು ಹುಳಕ್ಕೆ ಸೊಪ್ಪು ಹಾಕುತ್ತಾಳೆ. ಫೋನು ನನ್ನ ಮೇಜಿನ ಮೇಲೇ ಬಿಟ್ಟುಹೋಗಿದ್ದಳು. ಕೆರೆಯ ಕೆಳಗೆ ರಸ್ತೆಗೆ ಜಲ್ಲಿ ಬಿದ್ದಿದೆ, ಹೊಂಗೆ ಮರಗಳಿಲ್ಲ, ಮೂಲೆ ಸೈಟಿನ ಪತ್ರ ನನ್ನ ಬೀರುವಿನಲ್ಲಿದೆ, ನನ್ನ ಹೆಸರಿನಲ್ಲಿ. ಭಾನುವಾರ ನಾನು ಫೋನ್ ಮಾಡಿದರೆ ಅತ್ತೆ ಮಾತಾಡುತ್ತಾಳೆ, ಶಾಲೆಯ ಮಕ್ಕಳ ಪರೀಕ್ಷೆಯ ವಿಷಯ ಕೇಳುತ್ತಾಳೆ. ನಾನು ಪೊರೆ ಕಳಚುವ ಹುಳ ಈಗ ಎಷ್ಟನೆಯ ಜ್ವರದಲ್ಲಿವೆ ಎಂದು ಕೇಳುತ್ತೇನೆ. ಹೇಳಬೇಕಾದ ಮಾತು ಪ್ರತಿ ಸಲವೂ ನಾಲಗೆಯ ತುದಿಗೆ ಬಂದು ನಿಲ್ಲುತ್ತದೆ. ಆದರೆ ಅದನ್ನು ಯಂತ್ರವೊಂದು ನನಗಿಂತ ಮೊದಲೇ, ನನಗಿಂತ ಚೆನ್ನಾದ ಕನ್ನಡದಲ್ಲಿ ಹೇಳಿಬಿಟ್ಟಿದೆ. ಅವಳು ಎರಡು ಸಲ ಓದಿಸಿಕೊಂಡು ಕೇಳಿದ್ದಾಳೆ, ನನ್ನದೇ ದನಿಯಲ್ಲಿ.