ಕೂರಲಾರದ ಕೋಚ್

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಸಿಡ್ನಿಯಲ್ಲಿ ನಾನು ಫುಟ್‌ಬಾಲ್ ಆಡುತ್ತಿದ್ದ ತಂಡಕ್ಕೆ ಕ್ರೊಯೇಷಿಯಾದವರೊಬ್ಬರು ಕೋಚ್ ಆಗಿದ್ದರು. ತಮ್ಮ ದೇಶದಲ್ಲಿ ಡಿಫೆಂಡರ್ ಆಗಿ ಹೆಸರು ಮಾಡಿದ್ದವರು. ಕೂರುವುದು ಮಾತ್ರ ಅವರಿಂದ ಆಗದು. ಪೆಂಡಲ್ ಹಿಲ್ ಬಡಾವಣೆಯ ನಮ್ಮೂರ ಹೋಟೆಲಿನಲ್ಲಿ ದೋಸೆ ಕೊಡಿಸಿದರೂ ತಟ್ಟೆ ಹಿಡಿದು, ಯಾರೋ ನುಗ್ಗಿ ಬರುವವರಿದ್ದಾರೆ ಎಂಬಂತೆ ಬಾಗಿಲ ಮುಂದೆ ಅಡ್ಡಡ್ಡ ಹೆಜ್ಜೆ ಹಾಕುತ್ತಿದ್ದರು.

"ಈ ಮನಷ್ಯಾಗ ಕುಂದ್ರಾಕ ಬರಂಗಿಲ್ಲೇನೋ?" ಎನ್ನುತ್ತಿದ್ದ ನಮ್ಮ ಗೋಲ್‌ಕೀಪರ್, ಹುಬ್ಬಳ್ಳಿಯವನು.

ಅವರದು ಒಂದೇ ಪಾಠ: "ಡೋಂಟ್ ಗೋ ಡೌನ್!" ನೆಲಕ್ಕೆ ಜಾರಿ ಟ್ಯಾಕಲ್ ಮಾಡಿ ಚೆಂಡು ಕಸಿಯಬೇಡಿ, ನಿಂತೇ ತಡೆಯಿರಿ ಎಂದು. ಜಾರಿದವನನ್ನು ತಕ್ಷಣ ಹೊರಗೆ ಕರೆಸಿಬಿಡುತ್ತಿದ್ದರು.

ಮೆಲ್ಬರ್ನ್‌ನಲ್ಲಿ ಫೈನಲ್. ಎರಡೂ ತಂಡ ಸಮಸಮ. ಕೊನೆಗಳಿಗೆಯಲ್ಲಿ ಎದುರಾಳಿಯೊಬ್ಬ ನನ್ನನ್ನು ದಾಟಿ ಗೆರೆಯ ಪಕ್ಕದಲ್ಲೇ ಓಡಿದ. ಅಷ್ಟರಲ್ಲಿ ನಮ್ಮ ಕೋಚ್, ಸೂಟು ಬೂಟಿನಲ್ಲೇ, ಗೆರೆಯಾಚೆಯಿಂದ ಮೈದಾನಕ್ಕೆ ಜಾರಿ ಬಂದು ಅವನ ಕಾಲಲ್ಲಿದ್ದ ಚೆಂಡನ್ನಷ್ಟೇ ಹೊರಗಟ್ಟಿಬಿಟ್ಟರು! ರೆಫರಿ ಅವರನ್ನು ಬೇಲಿಯಾಚೆ ಕಳಿಸಿದ. ಆಟ ಮತ್ತೆ ಶುರುವಾದದ್ದೇ ನಾವು ಗೋಲ್ ಬಿಟ್ಟುಕೊಟ್ಟು ಸೋತೆವು.

ಸಿಟ್ಟಿನಲ್ಲೇ ಅವರನ್ನು ಹುಡುಕಿಕೊಂಡು ಹೋದೆ. ಬೇಲಿಯಾಚೆ ನಿಂತಿದ್ದ ಕಾರುಗಳ ನಡುವೆ ನೆಲದ ಮೇಲೆ, ಕೆಸರು ಮೆತ್ತಿದ ಪ್ಯಾಂಟಿನಲ್ಲಿ, ಕಾಲು ಚಾಚಿ ಆರಾಮಾಗಿ ಕೂತಿದ್ದರು. ಪಂದ್ಯ ಏನಾಯಿತೆಂದು ಕೇಳಲಿಲ್ಲ.

"ಕ್ಲೀನ್ ಟ್ಯಾಕಲ್, ನೋ?" ಎಂದರು.